ಮೆಸೇಜ್ ಕಳಿಸಿದರೆ ಮಾಫಿ ಆಗುತ್ತಾ?

ಮಾನ್ಯ ಸಂಪಾದಕರೇ,

ಶಬೆ ಬರಾತ್ (ಇಸ್ಲಾಮಿ ಕ್ಯಾಲೆಂಡರಿನ ಶಾಬಾನ್ ತಿಂಗಳ 15ನೇ ರಾತ್ರಿ, ಅಲ್ಲಾಹನಲ್ಲಿ ಕ್ಷಮೆ ಬೇಡುವ ರಾತ್ರಿ) ಹತ್ತಿರ ಬಂತೆಂದರೆ ನಮ್ಮ ಮುಸ್ಲಿಮರ ಮೊಬೈಲ್‌ಗಳಲ್ಲಿ ಒಂದೇ ಸಂದೇಶ: 'ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಮಾಫ್ ಮಾಡಿ.' ಒಂದೇ ಸಲಕ್ಕೆ ಗ್ರೂಪಿನ ಎಲ್ಲರಿಗೂ ಹೋಗುತ್ತದೆ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ವ್ಯಾಪಾರಿ. ಅಲ್ಲಾಹನ ಕರುಣೆಯಲ್ಲಿ ನಿರಾಶರಾಗಬೇಡಿ ಎಂದು ಕುರ್‌ಆನ್ (39:53) ಹೇಳುತ್ತದೆ. ಆದರೆ ಕ್ಷಮೆ ಬೇಡುವವನು ತಪ್ಪು ಬಿಡಬೇಕು, ಮನಸ್ಸು ಮರುಗಬೇಕು, ಮತ್ತೆ ಮಾಡಲ್ಲ ಎಂದು ಗಟ್ಟಿ ಮಾಡಿಕೊಳ್ಳಬೇಕು. ಇನ್ನೊಬ್ಬರ ಹಕ್ಕು ತಿಂದಿದ್ದರೆ ಇಷ್ಟೂ ಸಾಲದು. ಅದನ್ನು ವಾಪಸ್ ಕೊಡಬೇಕು, ಇಲ್ಲವೇ ಅವರಿಂದಲೇ ಮಾಫಿ ಪಡೆಯಬೇಕು.

ಅಡಿಕೆ ಹಸಿ ಇದೆ ಅಂತ ರೈತನ ಮೂಟೆಗೆ ಎರಡು ಕೆಜಿ ಸುಮ್ನೆ ಕಳೆಯುವವರಿದ್ದಾರೆ. ಅಡಿಕೆ ಸುಲಿದ ಹೆಂಗಸರ ಕೂಲಿಯನ್ನು ಹಬ್ಬ ಕಳೆಯಲಿ ಅಂತ ಮುಂದೆ ಹಾಕುವವರೂ ಇದ್ದಾರೆ. ಆ ರಾತ್ರಿ ಅವರೂ ಮಸೀದಿಯಲ್ಲಿ ಅಳುತ್ತಾ ದುವಾ ಮಾಡುತ್ತಾರೆ. ಆ ಅಳು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಆ ಹೆಂಗಸರಿಗೆ ಮೆಸೇಜ್ ಹೋಗಿರುವುದಿಲ್ಲ, ಅಲ್ವಾ?

ಕುರ್‌ಆನಿನ 83ನೇ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರಿಗೆ ಎಚ್ಚರಿಕೆ ಕೊಟ್ಟು. ತೀರ್ಪಿನ ದಿನ ನಮಾಜ್, ಉಪವಾಸ ಎಲ್ಲ ಹೊತ್ತು ತಂದವನ ಪುಣ್ಯ ಅವನಿಂದ ಅನ್ಯಾಯಕ್ಕೆ ಒಳಗಾದವರ ಪಾಲಾಗುತ್ತದೆ, ಅವನೇ ನಿಜವಾಗಿ ದಿವಾಳಿಯಾದವನು ಎಂದು ಪ್ರವಾದಿಯವರು ಹೇಳಿದ್ದಾರೆ. ಆ ಪ್ರವಾದಿಯವರೇ ದಿನಕ್ಕೆ 70ಕ್ಕೂ ಜಾಸ್ತಿ ಸಲ ಕ್ಷಮೆ ಬೇಡುತ್ತಿದ್ದರು. ಕೂಲಿಯವರ ಮನೆ ಬಾಗಿಲಿಗೆ ಹೋಗಲು ನಮಗೇಕೆ ಇಷ್ಟು ಸಂಕೋಚ?

ಶಿವಮೊಗ್ಗ ಜಿಲ್ಲೆಯ ಮಸೀದಿ ಕಮಿಟಿಗಳಿಗೆ ಒಂದು ವಿನಂತಿ. ಶಾಬಾನ್ ತಿಂಗಳ ಜುಮಾ ಬಯಾನ್‌ನಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಬಾಕಿ ಕೂಲಿ, ತೂಕದ ವಿಷಯವೂ ಬರಲಿ. 15ನೇ ರಾತ್ರಿಗೆ ಮೊದಲೇ ಬರಲಿ.

– ಅಡಿಕೆ ವ್ಯಾಪಾರಿ, ತೀರ್ಥಹಳ್ಳಿ