ಅನ್ನಾ ಬೆರಳು ತೋರಿಸಿದ ದೃಶ್ಯ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಶ್ಚಿತಾರ್ಥ ಮುರಿದ ಮೇಲೆ ನೀನು ಯಾರ ಮನೆಗೂ ಹೋಗುತ್ತಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಮೊದಲೇ ಮದುವೆಯಾಗಿದ್ದನ್ನು ಮುಚ್ಚಿಟ್ಟವನು ಅವನು. ಬಾಗಿಲು ಹಾಕಿಕೊಂಡು ಕೂತಿರುವವಳು ನೀನು. ನನಗೆ ಹೊಟ್ಟೆ ಉರಿಯುತ್ತದೆ.

ಒಂದು ಮೂಕಿ ಚಿತ್ರ ನೋಡು. ಗ್ರಿಫಿತ್ ನಿರ್ದೇಶಿಸಿದ, 1920ರ ಅಮೆರಿಕದ ಚಿತ್ರ ‘ವೇ ಡೌನ್ ಈಸ್ಟ್’. ಅನ್ನಾ ಎಂಬ ಬಡ ಹುಡುಗಿಯಾಗಿ ಲಿಲಿಯನ್ ಗಿಶ್ ಇದ್ದಾಳೆ. ಸ್ಯಾಂಡರ್ಸನ್ ಎಂಬ ಶ್ರೀಮಂತ ಸುಳ್ಳು ಮದುವೆಯ ನಾಟಕವಾಡಿ, ಅವಳು ಬಸುರಿಯಾದಾಗ ಕೈಬಿಡುತ್ತಾನೆ. ಬಾಡಿಗೆ ಕೋಣೆಯಲ್ಲಿ ಕೂಸು ಸಾಯುತ್ತಿರುವಾಗ ಅವಳೇ ನೀರು ಚಿಮುಕಿಸಿ ಅದಕ್ಕೆ ಜ್ಞಾನಸ್ನಾನ ಮಾಡಿಸುತ್ತಾಳೆ. ಅದನ್ನು ನೋಡಲು ಮನಸ್ಸು ಗಟ್ಟಿ ಬೇಕು ಪುಟ್ಟಿ. ಆಮೇಲೆ ಅವಳು ಬಾರ್ಟ್‌ಲೆಟ್ ಎಂಬ ರೈತನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ.

ಎಲ್ಲರೂ ಹೊಗಳುವುದು ಕೊನೆಯ ನದಿಯ ದೃಶ್ಯವನ್ನು. ವರ್ಮಾಂಟ್‌ನ ನಿಜವಾದ ಹೊಳೆಯಲ್ಲಿ, ತೇಲುವ ಮಂಜುಗಡ್ಡೆಯ ಮೇಲೆ ಗಿಶ್ ಮಲಗಿದ್ದಳು. ಕೈ, ಕೂದಲು ನೀರಿಗೆ ಇಳಿಬಿಡುವ ಯೋಚನೆಯೂ ಅವಳದೇ. ಆ ಕೈ ಆಮೇಲೂ ಬಹಳ ಕಾಲ ನೋಯುತ್ತಿತ್ತಂತೆ.

ನೀನು ಮಾತ್ರ ಅದಕ್ಕಿಂತ ಮುಂಚಿನ ಊಟದ ಮನೆಯ ದೃಶ್ಯವನ್ನು ನೋಡಬೇಕು. ಅನ್ನಾಳ ಹಿಂದಿನ ಕಥೆ ಕೇಳಿ ಯಜಮಾನ ಅವಳನ್ನು ಹೊರಗೆ ಹಾಕುತ್ತಾನೆ. ಸ್ಯಾಂಡರ್ಸನ್ ಅದೇ ಮೇಜಿನಲ್ಲಿ ಮರ್ಯಾದಸ್ಥ ಅತಿಥಿಯಾಗಿ ಕೂತಿದ್ದಾನೆ! ಅನ್ನಾ ಸುಮ್ನೆ ಹೊರಡುವುದಿಲ್ಲ. ಅವನ ಕಡೆ ಬೆರಳು ತೋರಿಸಿ, ಮೋಸ ಮಾಡಿದವನು ಇವನೇ ಅಂತ ಎಲ್ಲರೆದುರು ಹೇಳಿಯೇ ಹೋಗುತ್ತಾಳೆ. ಮೂಕಿ ಚಿತ್ರ ಅಲ್ವಾ, ಮಾತು ಪರದೆಯ ಮೇಲೆ ಅಕ್ಷರವಾಗಿ ಬರುತ್ತದೆ. ಆದರೆ ಚಾಚಿದ ಆ ಕೈ ನೋಡಿದರೇ ಸಾಕು.

ಕೊನೆಗೆ ಯಜಮಾನನ ಮಗ ಡೇವಿಡ್ ಅವಳ ಕೈಹಿಡಿಯುತ್ತಾನೆ. ಅದನ್ನು ನಾನು ಜಾಸ್ತಿ ಲೆಕ್ಕಕ್ಕೆ ಇಟ್ಟಿಲ್ಲ. ನಿನಗೂ ಸದ್ಯಕ್ಕೆ ಇನ್ನೊಂದು ಗಂಡು ಹುಡುಕುವುದು ಬೇಡ ಅಂತ ನಿಮ್ಮಪ್ಪನಿಗೆ ಹೇಳಿದ್ದೇನೆ.

ಯಾರಾದರೂ ಸಂಬಂಧ ಯಾಕೆ ಮುರಿಯಿತು ಅಂತ ಕೇಳಿದರೆ ‘ಹೊಂದಾಣಿಕೆ ಆಗಲಿಲ್ಲ’ ಅನ್ನಬೇಡ. ‘ಅವನಿಗೆ ಆಗಲೇ ಮದುವೆಯಾಗಿತ್ತು, ನಮಗೆ ಸುಳ್ಳು ಹೇಳಿದ್ದ’ ಅನ್ನು. ಅವನು ಕಳಿಸಿದ ಮೆಸೇಜುಗಳನ್ನು ಅಳಿಸಬೇಡ, ಬೇಕಾಗಬಹುದು. ಪಾಪ, ಅನ್ನಾಳಿಗೆ ಮಾತಾಡಿದ ಮೇಲೆ ಹೋಗಲು ಹಿಮದ ಬಿರುಗಾಳಿ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ನಿನಗೆ ನಾವಿದ್ದೇವೆ. ಬರುವ ವಾರ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ನೆಂಟರೆಲ್ಲ ಸೇರುತ್ತಾರೆ. ನೀನು ಹಿಂದಿನ ದಿನವೇ ಬಾ. ಬಂದವರ ಎದುರು ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ