ಮಾರುವಾಗ ಆಟಿಕೆ, ವಾಪಸ್ ಕೊಡುವಾಗ ಆಯುಧ: ಒಂದು ಏರ್‌ಸಾಫ್ಟ್ ಲೈಟಿನ ದೂರು

ಇವರಿಗೆ,
ಗ್ರೀವೆನ್ಸ್ (ಗ್ರಾಹಕರ ದೂರು) ಆಫೀಸರ್ ಅವರಿಗೆ

ವಿಷಯ: ಗನ್ನಿನ ರೈಲ್ ಮೇಲೆ ಕೂರದ, ಸೆಲ್ ಒಳಗೆ ಹೋಗದ, ಹತ್ತಿದರೆ ಆರದ ಲೈಟನ್ನು ವಾಪಸ್ ತಗೊಂಡು ಹಣ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮ ಕಸ್ಟಮರ್ ಕೇರ್‌ಗೆ ನಾನು ಎಷ್ಟು ಸಲ ಫೋನ್ ಮಾಡಿದ್ದೇನೆ ಅನ್ನುವುದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ತರಬೇತಿಗಾಗಿ ಈ ಕರೆಯನ್ನು ರೆಕಾರ್ಡ್ ಮಾಡುತ್ತೇವೆ ಅಂತ ಪ್ರತಿ ಸಲ ಹೇಳುತ್ತೀರಲ್ಲ. ಯಾರಿಗೆ ತರಬೇತಿ ಕೊಟ್ಟಿರೋ ತಿಳಿಯಲಿಲ್ಲ. ಅದಕ್ಕೇ ಈಗ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ. ಸಿಟ್ಟು ಮಾಡಬಾರದು ಅಂತ ತೀರ್ಮಾನಿಸಿಯೇ ಬರೆಯಲು ಕೂತಿದ್ದೇನೆ.

ಏರ್‌ಸಾಫ್ಟ್ ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್ ಹಿಡಿದು ತಂಡ ಕಟ್ಟಿಕೊಂಡು ಆಡುವ ಆಟ. ನಾನು ನಿಮ್ಮ ಆ್ಯಪಿನಲ್ಲಿ ಕೊಂಡದ್ದು ಏರ್‌ಸಾಫ್ಟ್ ಗನ್ನಿಗೆ ಹಾಕುವ ರೆಪ್ಲಿಕಾ ಲೈಟ್. ಶ್ಯೂರ್‌ಫೈರ್ ಕಂಪನಿಯ ಎಂ600 ಗನ್ ಲೈಟಿನ ನಮೂನೆಯದು, ವೈರಿನ ರಿಮೋಟ್ ಸ್ವಿಚ್ ಸಮೇತ, ಬೆಲೆ 3,499 ರೂಪಾಯಿ. ಅಸಲಿ ಅಲ್ಲ ಅಂತ ಗೊತ್ತಿದ್ದೇ ಕೊಂಡೆ. ಅಸಲಿಯ ಬೆಲೆ ಇದರ ಎಷ್ಟೋ ಪಟ್ಟು ಜಾಸ್ತಿ, ಏಕೆಂದರೆ ಅದು ನಿಜವಾದ ಬಂದೂಕಿನ ಒದೆತ ತಡೆದುಕೊಳ್ಳಬೇಕು. ನಮ್ಮ ಆಟಕ್ಕೆ ಆ ಕಷ್ಟ ಇಲ್ಲ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು (ಬಿಬಿ), ತೂಕ 0.20 ಗ್ರಾಂ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಬರೀ 1 ಜೂಲ್. ನಮ್ಮ ಎಲೆಕ್ಟ್ರಿಕ್ ಗನ್ನಿನಲ್ಲಿ ಒದೆತ ಅನ್ನುವಂಥದ್ದು ಏನೂ ಇರುವುದಿಲ್ಲ, ಮೋಟಾರಿನ ನಡುಕ ಅಷ್ಟೇ. ಹಾಗಾಗಿ ರೆಪ್ಲಿಕಾ ಲೈಟು ಮಾಡಬೇಕಾದ ಕೆಲಸ ಬಹಳ ಕಡಿಮೆ. ಗನ್ನಿನ ಮೇಲೆ ಕೂರಬೇಕು. ಒತ್ತಿದರೆ ಹತ್ತಬೇಕು. ಬಿಟ್ಟರೆ ಆರಬೇಕು. ನಿಮ್ಮದು ಹತ್ತುವ ಕೆಲಸ ಮಾತ್ರ ಮಾಡುತ್ತದೆ. ಕೆಲವು ಸಲ ಒತ್ತದೆಯೂ ಮಾಡುತ್ತದೆ.

ಕೂರುವ ವಿಷಯ ಮೊದಲು. ಲೈಟು ಕೂರಬೇಕಾದದ್ದು ಪಿಕಾಟಿನ್ನಿ ರೈಲಿನ ಮೇಲೆ, ಅಂದರೆ ಗನ್ನಿನ ಮೇಲಿರುವ ಅಡ್ಡ ಕಚ್ಚುಗಳ ಪಟ್ಟಿ. ಅದರ ಅಳತೆಯನ್ನು ಅಮೆರಿಕದ ಸೈನ್ಯ 1995ರಲ್ಲೇ ಗೊತ್ತುಮಾಡಿ ಇಟ್ಟಿದೆ. ಕಚ್ಚಿನ, ಅಂದರೆ ಸ್ಲಾಟಿನ, ಅಗಲ 5.23 ಮಿ.ಮೀ. ಯಾವ ದೇಶದ ಆಟದ ಗನ್ ತಗೊಂಡರೂ ಆ ರೈಲು ಇದ್ದರೆ ಅಳತೆ ಅದೇ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ವರ್ನಿಯರ್ ಹಿಡಿದೇ ಹೊಟ್ಟೆ ಹೊರೆಯುವವನು ನಾನು. ಆ ಸ್ಲಾಟಿನಲ್ಲಿ ಕೂರಬೇಕಾದ ನಿಮ್ಮ ಮೌಂಟಿನ ಅಡ್ಡಕಡ್ಡಿ ಅಳೆದೆ. 5.6 ಬಂತು. 5.23ರ ಸ್ಲಾಟಿನೊಳಗೆ 5.6 ಬೆಳಗಾವಿಯಲ್ಲೂ ಹೋಗುವುದಿಲ್ಲ, ನಿಮ್ಮ ಹೆಡ್ ಆಫೀಸಿನಲ್ಲೂ ಹೋಗುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ನಿಮ್ಮವರು ಕೊಟ್ಟ ಸಲಹೆ, ‘ಸ್ವಲ್ಪ ಜೋರಾಗಿ ಒತ್ತಿ ನೋಡಿ ಸರ್.’ ವಿಮಾನದ ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುವ ಊರು ನಮ್ಮದು. ಅಳತೆ ತಪ್ಪಿದ ಪೀಸನ್ನು ಜೋರಾಗಿ ಒತ್ತುವ ಪದ್ಧತಿ ಇಲ್ಲಿ ಇಲ್ಲ. ರಿಜೆಕ್ಟ್ ಮಾಡುತ್ತೇವೆ.

ಇನ್ನು ಸೆಲ್. ನಿಮ್ಮ ಪೇಜಿನಲ್ಲಿ ದೊಡ್ಡ ಅಕ್ಷರದಲ್ಲಿದೆ: ಒಂದು 18650 ಸೆಲ್ ಆದರೂ ಹಾಕಿ, ಎರಡು ಸಿಆರ್123ಎ ಆದರೂ ಹಾಕಿ. 18650 ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಹೆಸರಿನಲ್ಲೇ ಅಳತೆ ಇದೆ. ನಿಮ್ಮ ಕೊಳವೆಯ ಬಾಯಿ 17.4. ಸಿಆರ್123ಎ ಮಾತ್ರ ಒಳಗೆ ಹೋಗುತ್ತದೆ. ಅದು ಚಾರ್ಜ್ ಆಗದ ಸೆಲ್, ಮುಗಿದರೆ ಎಸೆಯಬೇಕು, ಅಗ್ಗವೂ ಅಲ್ಲ. ಇದಕ್ಕೂ ನಿಮ್ಮವರ ಹತ್ತಿರ ಸಲಹೆ ಇತ್ತು. ಅದೇ ಸೈಜಿನ ರೀಚಾರ್ಜಬಲ್ 16340 ಎರಡು ಹಾಕಿಬಿಡಿ ಸರ್, ಅಂದರು. ಪೂರ್ತಿ ಚಾರ್ಜ್ ಆದ ಒಂದು ಲಿಥಿಯಂ ಅಯಾನ್ ಸೆಲ್ 4.2 ವೋಲ್ಟ್. ಎರಡಕ್ಕೆ 8.4. ನಿಮ್ಮ ಬಾಕ್ಸಿನ ಮೇಲೆಯೇ ‘6 ವೋಲ್ಟ್‌ಗಿಂತ ಜಾಸ್ತಿ ಬೇಡ’ ಅಂತ ಪ್ರಿಂಟ್ ಆಗಿದೆ. ನಾನು ಆ ಸಲಹೆ ಕೇಳಿ ಸರ್ಕ್ಯೂಟ್ ಸುಟ್ಟುಕೊಂಡಿದ್ದರೆ ‘ಗ್ರಾಹಕರ ತಪ್ಪು ಬಳಕೆ’ ಅಂತ ಇನ್ನೊಂದು ಇಮೇಲ್ ಬರುತ್ತಿತ್ತು, ಅಲ್ವಾ?

ಬೆಳಕು 10,000 ಲ್ಯೂಮೆನ್ ಅಂತ ಬರೆದಿದ್ದೀರಿ. ಅದರ ಬಗ್ಗೆ ಜಾಸ್ತಿ ಹೇಳಲ್ಲ. ಕಾರಿನ ಎಚ್4 ಹ್ಯಾಲೊಜನ್ ಬಲ್ಬ್ ಹೈ ಬೀಮಿನಲ್ಲಿ ಕೊಡುವುದು ಸುಮಾರು 1,650 ಲ್ಯೂಮೆನ್. ಅಂಥ ಆರು ಬಲ್ಬನ್ನು ಅಂಗೈಯಷ್ಟು ಕೊಳವೆಯಲ್ಲಿ ತುಂಬಿದ್ದೀರಿ. ಅಭಿನಂದನೆ.

ಸ್ವಿಚ್ಚಿನ ಕಥೆಯೇ ಬೇರೆ. ನಾವು ಗೆಳೆಯರು ಭಾನುವಾರ ಖಾನಾಪುರದ ಕಡೆ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯಲ್ಲಿ ಆಡುತ್ತೇವೆ. ಮಾಲೀಕರ ಒಪ್ಪಿಗೆ ಇದೆ, ಪೊಲೀಸ್ ಠಾಣೆಗೂ ತಿಳಿಸಿದ್ದೇವೆ, ಕಣ್ಣಿಗೆ ಗಾಗಲ್ ಇಲ್ಲದವರು ಒಳಗೆ ಕಾಲಿಡುವಂತಿಲ್ಲ. ಒಳಗೆ ಭಟ್ಟಿಯ ಹತ್ತಿರ ಹಗಲಲ್ಲೂ ಕತ್ತಲೆ. ಅಲ್ಲಿ ಲೈಟನ್ನು ಒಂದು ಕ್ಷಣ ಒತ್ತಿ, ಎದುರಿಗಿದ್ದವರು ಯಾರು ಅಂತ ನೋಡಿ, ತಕ್ಷಣ ಬಿಡಬೇಕು, ಜಾಗ ಬದಲಿಸಬೇಕು. ಹತ್ತಿಕೊಂಡೇ ಇದ್ದರೆ ನಾನು ಎಲ್ಲಿದ್ದೇನೆ ಅಂತ ನಾನೇ ಸಾರಿದ ಹಾಗೆ. ನಿಮ್ಮ ಲೈಟನ್ನು ಕೇಬಲ್ ಟೈ ಬಿಗಿದು ಹೇಗೋ ಕಟ್ಟಿಕೊಂಡು ಹೋದೆ. ಒತ್ತಿದೆ, ಹತ್ತಿತು. ಬಿಟ್ಟೆ, ಆರಲಿಲ್ಲ. ಎದುರಿನ ತಂಡಕ್ಕೆ ಅವತ್ತು ಬಹಳ ಸಂತೋಷವಾಯಿತು.

ಇಲ್ಲಿಯವರೆಗೂ ಸಹಿಸಿಕೊಂಡಿದ್ದೆ. ಲಕ್ಷಗಟ್ಟಲೆ ಮಾಲು ಮಾರುವವರ ಹತ್ತಿರ ಒಂದು ಪೀಸ್ ಕೆಟ್ಟದ್ದು ಬರಬಹುದು. ಆದರೆ ಕಳೆದ ಶನಿವಾರ ಸಂಜೆ ನಿಮ್ಮ ಬೆಳಗಾವಿ ಕೌಂಟರಿನಲ್ಲಿ ನಡೆದದ್ದನ್ನು ನೀವು ಪೂರ್ತಿ ಓದಬೇಕು.

ನಮ್ಮ ಏರಿಯಾಕ್ಕೆ ಪಿಕಪ್ ಇಲ್ಲ, ಕೌಂಟರಿಗೆ ಹೋಗಿ ಕೊಡಿ ಅಂದವರು ನೀವು. ರಿಟರ್ನ್ ಲೇಬಲ್ ಕಳಿಸಿದವರೂ ನೀವು. ಅದನ್ನು ಅಂಟಿಸಿಕೊಂಡು ಸಾಲಿನಲ್ಲಿ ನಿಂತೆ. ಮುಂದೆ ಮಿಕ್ಸರ್ ವಾಪಸ್ ಕೊಡುವ ಹೆಂಗಸು, ಹಿಂದೆ ಮೊಮ್ಮಗನ ಜೊತೆ ಒಬ್ಬ ಮರಾಠಿ ಅಜ್ಜಿ, ಅವರ ಹಿಂದೆ ನನ್ನ ಮಗಳ ಶಾಲೆಯ ಟೀಚರ್. ನನ್ನ ಸರದಿ ಬಂತು. ಕೌಂಟರಿನ ಹುಡುಗ ಲೇಬಲ್ ಸ್ಕ್ಯಾನ್ ಮಾಡಿದ. ಸ್ಕ್ರೀನ್ ಕೆಂಪಾಯಿತು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ಓದಿದ.

‘ಇದ ವೆಪನ್ ಐತ್ರಿ. ತಗೊಳ್ಳಾಕ ಬರಂಗಿಲ್ಲ.’

‘ವೆಪನ್ ಅಲ್ಲಪಾ, ಬ್ಯಾಟರಿ ಅದು. ಬೆಳಕ ಬಿಡೂ ಬ್ಯಾಟರಿ.’

‘ಬ್ಯಾಟರಿ ಇದ್ರ ಬ್ಯಾಟರಿ ಅಂತ ಬರಬೇಕಲ್ರಿ. ಇಲ್ಲೆ ಟ್ಯಾಕ್ಟಿಕಲ್ ವೆಪನ್ ಅಂತ ಬಂದೈತಿ.’

ಮಿಕ್ಸರ್ ಹೆಂಗಸು ಎರಡು ಹೆಜ್ಜೆ ಸರಿದು ನಿಂತರು. ಅಜ್ಜಿ ಮೊಮ್ಮಗನನ್ನು ಸೆರಗಿನ ಕಡೆ ಎಳೆದುಕೊಂಡು, ‘ಬಂದೂಕ ಆಹೆ ಕಾಯ?’ ಅಂದರು. ತೋರಿಸಿದರೆ ಮುಗಿಯುತ್ತದೆ ಅಂತ ಬಾಕ್ಸ್ ಬಿಚ್ಚಿ ಲೈಟನ್ನು ಗೋಡೆಗೆ ಹಿಡಿದು ಒತ್ತಿದೆ. ಹತ್ತಿತು. ಆಮೇಲೆ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ.

‘ಬಂದ್ ಮಾಡ್ರಿ ಮೊದಲ, ಕಣ್ಣಾಗ ಹೊಡಿಯಾಕತ್ತೈತಿ,’ ಅಂದ ಹುಡುಗ.

‘ಬಂದ್ ಆಗಂಗಿಲ್ಲ ಅಂತನ ವಾಪಸ್ ಕೊಡಾಕ ಬಂದೇನಿ!’

ಹುಡುಗ ಮೇಲಿನವರಿಗೆ ಫೋನ್ ಹಚ್ಚಿದ, ಸ್ಪೀಕರ್ ಆನ್ ಮಾಡಿಯೇ. ‘ಕಸ್ಟಮರ್ ಹತ್ರ ಗನ್ ಲೈಸೆನ್ಸ್ ಇದೆಯಾ ಕೇಳು,’ ಅಂತ ಆ ಕಡೆಯಿಂದ ಬಂತು. ಇಡೀ ಅಂಗಡಿಗೆ ಕೇಳಿಸಿತ್ತು. ಆದರೂ ಹುಡುಗ ನನ್ನ ಕಡೆ ತಿರುಗಿ, ‘ಗನ್ ಲೈಸೆನ್ಸ್ ಐತೇನ್ರಿ?’ ಅಂತ ಮತ್ತೆ ಕೇಳಿದ. ಟಾರ್ಚಿಗೆ ಯಾವ ಲೈಸೆನ್ಸಪ್ಪಾ ಅಂದೆ. ‘ಆಧಾರ್ ತಗೋ, ಐಟಂ ಜೊತೆ ಅವರದೊಂದು ಫೋಟೋ ಹೊಡಿ,’ ಅಂತು ಫೋನು. ‘ಸರ, ಸ್ವಲ್ಪ ಎದಿ ಮಟ್ಟಾ ಹಿಡಕೊಂಡ ನಿಲ್ರಿ,’ ಅಂದ ಹುಡುಗ. ನಿಂತೆ. ಬೇಗ ಮುಗಿದರೆ ಸಾಕಾಗಿತ್ತು. ಲೈಟು ಇನ್ನೂ ಹತ್ತಿಕೊಂಡೇ ಇತ್ತು, ಹಾಗಾಗಿ ಮೊದಲ ಫೋಟೋ ಬೆಳ್ಳಗೆ ಬಂತು. ಇನ್ನೊಂದು ಹೊಡೆದರು. ಅಷ್ಟೊತ್ತಿಗೆ ಟೀಚರ್ ಹತ್ತಿರ ಬಂದು, ಬಹಳ ಮೆತ್ತಗೆ, ‘ಏನಾತ್ರಿ ಸರ, ಏನರ ಪೊಲೀಸ್ ಕೇಸ್ ಐತೇನು?’ ಅಂತ ಕೇಳಿದರು. ಅವರು ಕಾಳಜಿಯಿಂದಲೇ ಕೇಳಿದ್ದು. ಅದೇ ಜಾಸ್ತಿ ಚುಚ್ಚಿತು.

ಕೊನೆಗೆ ಕೈಗೆ ಬಂದದ್ದು ಒಂದು ಚೀಟಿ: ನಿಷೇಧಿತ ವಸ್ತು, ಸ್ವೀಕರಿಸಿಲ್ಲ. ಆ ಹುಡುಗನ ಮೇಲೆ ನನ್ನ ದೂರು ಇಲ್ಲ. ಸ್ಕ್ರೀನಿನಲ್ಲಿ ಬಂದದ್ದನ್ನು ಓದಿದ. ಸ್ಕ್ರೀನಿನಲ್ಲಿ ಬರೆದವರು ನೀವು.

ಮರುದಿನ ನಿಮ್ಮ ಇಮೇಲ್ ಬಂತು. ಆಯುಧದ ಬಿಡಿಭಾಗಗಳಿಗೆ ರಿಟರ್ನ್ ಇಲ್ಲವಂತೆ. ಸ್ವಾಮಿ, ಇದೇ ಲೈಟು ನಿಮ್ಮ ಆ್ಯಪಿನಲ್ಲಿ ‘ಆಟಿಕೆ ಮತ್ತು ಆಟಗಳು’ ವಿಭಾಗದಲ್ಲಿದೆ. ಅದರ ಎಡಕ್ಕೆ ಲೂಡೋ ಬೋರ್ಡ್, ಬಲಕ್ಕೆ ನೀರು ಹಾರಿಸುವ ಪಿಚಕಾರಿ. ಆಟಿಕೆಗೆ ರಿಟರ್ನ್ ಇದೆ ಅಂತ ಅಲ್ಲೇ ಬರೆದಿದ್ದೀರಿ. ಹಣ ತಗೊಳ್ಳುವಾಗ ಆಟಿಕೆಯಾಗಿದ್ದದ್ದು, ಹಣ ಕೊಡುವಾಗ ಆಯುಧ ಹೇಗಾಯಿತು? ಇದನ್ನು ಕೇಳಿದ್ದಕ್ಕೆ ಎರಡನೇ ಇಮೇಲ್: ವಸ್ತುವನ್ನು ಏರ್‌ಸಾಫ್ಟ್ ಆಟದಲ್ಲಿ ಬಳಸಿದ್ದೀರಿ, ಆದ್ದರಿಂದ ಆಗುವುದಿಲ್ಲ. ಏರ್‌ಸಾಫ್ಟ್ ಲೈಟನ್ನು ಏರ್‌ಸಾಫ್ಟ್‌ನಲ್ಲಿ ಬಳಸಿದ್ದು ತಪ್ಪು. ದೇವರ ಮನೆಯಲ್ಲಿ ಹಚ್ಚಿಡಬೇಕಿತ್ತೇನೋ.

ನಿಯಮಗಳನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2020ರ ಇ-ಕಾಮರ್ಸ್ ನಿಯಮದಲ್ಲಿ ಗ್ರೀವೆನ್ಸ್ ಆಫೀಸರ್ ಏನು ಮಾಡಬೇಕು ಅಂತ ಇದೆ. 48 ಗಂಟೆಯೊಳಗೆ ದೂರು ಮುಟ್ಟಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ಅಳತೆ ತಪ್ಪಿದ್ದಕ್ಕೆ ವರ್ನಿಯರ್ ಜೊತೆಗಿನ ವಿಡಿಯೋ ಇದೆ. ನಿಮ್ಮ ಪೇಜಿನ ಸ್ಕ್ರೀನ್‌ಶಾಟ್ ಇದೆ, ಲೂಡೋ ಬೋರ್ಡ್ ಸಮೇತ. ಈ ಪತ್ರ ಓದಿದ ಮೇಲೆ ವಿಭಾಗ ಬದಲಾಯಿಸುವ ಶ್ರಮ ಬೇಡ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾನು ಎಲ್ಲಿ ವಾಸವಾಗಿದ್ದೇನೋ ಅಲ್ಲೇ ಕೇಸ್ ಹಾಕಬಹುದು. ಬೆಳಗಾವಿ ಜಿಲ್ಲಾ ಗ್ರಾಹಕರ ಆಯೋಗ ನನಗೆ ಹತ್ತಿರ, ನಿಮಗೆ ದೂರ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಫೀಸೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು ಬೇರೆ. ಇನ್ನೊಂದು ಮಾತು. ಬಾಕ್ಸಿನ ಮೇಲೆ ಆಮದು ಮಾಡಿದವರ ವಿಳಾಸ ಇಲ್ಲ, ಎಂಆರ್‌ಪಿ ಇಲ್ಲ, ಯಾವ ದೇಶದ್ದು ಅಂತಲೂ ಇಲ್ಲ. ಕಾನೂನು ಮಾಪನ ಇಲಾಖೆಗೆ ಆ ಬಾಕ್ಸಿನ ನಾಲ್ಕೂ ಕಡೆಯ ಫೋಟೋ ಕಳಿಸುತ್ತಿದ್ದೇನೆ. ನೀವು ನಾಳೆಯೇ 3,499 ರೂಪಾಯಿ ಹಾಕಿದರೂ ಆ ದೂರನ್ನು ಹಿಂದೆ ತಗೊಳ್ಳುವುದಿಲ್ಲ. ಕೌಂಟರಿನಲ್ಲಿ ಹೊಡೆದ ನನ್ನ ಫೋಟೋ, ಆಧಾರ್ ಪ್ರತಿ ಅಳಿಸಿದ್ದೇವೆ ಅಂತ ಬರವಣಿಗೆಯಲ್ಲಿ ಬೇಕು. ಅದಿಲ್ಲದೆ ಹಣದ ಮಾತೇ ಬೇಡ.

ಹೊಸ ಲೇಬಲ್ ಕಳಿಸುವುದಾದರೆ ಅದರ ಮೇಲೆ ಏನು ಬರೆಯುತ್ತೀರಿ ಅಂತ ಮೊದಲೇ ತೀರ್ಮಾನಿಸಿ. ಆಟಿಕೆ ಅಂತ ಬರೆದರೆ ವಾಪಸ್ ತಗೊಳ್ಳಿ. ಆಯುಧ ಅಂತಲೇ ಹಟ ಹಿಡಿದರೆ ನನ್ನ ಮುಂದಿನ ಪತ್ರ ನಿಮಗೆ ಬರುವುದಿಲ್ಲ. ಆಯುಧವನ್ನು ಲೂಡೋ ಬೋರ್ಡಿನ ಪಕ್ಕ ಇಟ್ಟು, ಲೈಸೆನ್ಸ್ ಕೇಳದೆ, ಯಾರಿಗೆ ಬೇಕಾದರೂ ಮಾರುತ್ತಿರುವವರ ಬಗ್ಗೆ ಬೆಳಗಾವಿ ಪೊಲೀಸ್ ಕಮಿಷನರ್ ಕಚೇರಿಗೆ ಹೋಗುತ್ತದೆ. ಗನ್ ಲೈಸೆನ್ಸ್ ಇದೆಯಾ ಅಂತ ಆಗ ಅವರು ನಿಮ್ಮನ್ನೇ ಕೇಳಲಿ, ಸ್ಪೀಕರ್ ಆನ್ ಮಾಡಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಈಗ ಫೋಟೋ ಸಮೇತ ಇರುವ ಗ್ರಾಹಕ
ಟಿಳಕವಾಡಿ, ಬೆಳಗಾವಿ