ಖಾಲಿ ಗಾಡಿ ಕಟಕಟ ಅಂದ್ರ ಸುಮ್ನ ಬಿಡಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾ ಚಿತ್ತಾಪುರ ಕಡಿಂದ ಕಲಬುರಗಿ ಎಪಿಎಂಸಿಗೆ ತೊಗರಿ ತರ್ತೀನ್ರಿ, ಲೋಡ್ ತಡೀಲಿ ಅಂತ ಪಿಕಪ್‌ಗೆ ಹಿಂದ ಎರಡು ಕಮಾನ್ ಪಟ್ಟಿ ಜಾಸ್ತಿ ಹಾಕಿಸಿದ್ದೆ, ಗಾಡಿ ಹಿಂದ ಎತ್ತರ ಆತು, ಸ್ವಲ್ಪ ದಿನಕ್ಕ ಖಾಲಿ ಬರೂವಾಗ 40 ದಾಟಿದ್ರ ಸಾಕು ಕೆಳಗ ಕಟಕಟ ಸಪ್ಪಳ ಶುರು. ಒಬ್ಬ ಮೇಸ್ತ್ರಿ ಗಾಲಿ ಬೇರಿಂಗ್ ಬದಲಿ ಮಾಡಿದ, ಇನ್ನೊಬ್ಬ ಡಿಫ್ರೆನ್ಷಿಯಲ್ (ಹಿಂದಿನ ಗಾಲಿ ನಡುವಿನ ಗೇರ್ ಡಬ್ಬಿ) ಬಿಚ್ಚಬೇಕು ಅಂದ, ರೊಕ್ಕ ಹೋತು ಸಪ್ಪಳ ಹೋಗಲಿಲ್ಲ. ಕಡೀಕ ಹುಮನಾಬಾದ್ ರೋಡಿನ ಹಿರಿ ಮೇಸ್ತ್ರಿಯೊಬ್ಬರು ಮುಂದಿನ ಗಾಲಿಗೆ ಕಲ್ಲಿಟ್ಟು, ಹಿಂದಿನವೆರಡೂ ಎತ್ತಿ, ಇಂಜಿನ್ ಕಡಿಂದ ಹಿಂದಿನ ಗಾಲಿ ತಿರುಗಿಸೋ ಉದ್ದನ ಶಾಫ್ಟ್ ಕೈಲೆ ಆಕಡಿ ಈಕಡಿ ಅಲುಗಾಡಿಸಿದ್ರು. ಶಾಫ್ಟ್ ಬಾಗಿದ್ರೂ ತಿರುಗಂಗ ಮಾಡೋ ಕ್ರಾಸ್ ಜಾಯಿಂಟಿನ ಕಪ್ ಸುತ್ತ ಕುಂಕುಮದಂಗ ಕೆಂಪು ತುಕ್ಕಿನ ಪುಡಿ, ಒಳಗ ಗ್ರೀಸೇ ಇಲ್ಲ, ಸೂಜಿ ಬೇರಿಂಗ್ ಸವೆದು ಹೋಗಿದ್ವು. ಗಾಡಿ ಎತ್ತರಿಸಿದ್ರ ಶಾಫ್ಟಿನ ಕೋನ ಬದಲಾಗಿ ಜಾಯಿಂಟ್ ಜಲ್ದಿ ಸವೀತದಂತ, ಪಟ್ಟಿ ಹಾಕಿದವ ಇದನ್ನ ಹೇಳಲೇ ಇಲ್ರಿ.

ಆ ಜಾಯಿಂಟ್ ಓಡೋ ಗಾಡ್ಯಾಗ ಮುರಿದು ಶಾಫ್ಟ್ ರೋಡಿಗೆ ಬಿದ್ದಿದ್ರ ಹಿಂದಿನ ಬೈಕಿನವ್ರ ಗತಿ ಏನು? ಫಿಟ್ನೆಸ್ ಟೈಮಿನಾಗ ಆರ್‌ಟಿಓದವ್ರು ಗಾಡಿ ಕೆಳಗ ಟಾರ್ಚ್ ಹಾಕಿ ಒಮ್ಮೆ ನೋಡ್ಲಿ ಅಂತ ಕೈಮುಗಿದು ಕೇಳ್ತೀನಿ.

ಒಬ್ಬ ಪಿಕಪ್ ಚಾಲಕ, ಚಿತ್ತಾಪುರ